ಕಬ್ಬಿಣ ಹಿಡಿದ ಗಾಳಿ

ಕಾಲೇಜಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟ ದಿನ ಪ್ರಾಂಶುಪಾಲರು ಚೆನ್ನಾಗಿಯೇ ಮಾತಾಡಿದರು. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಲ್ಯಾಬಿನ ಒಂದು ಬೀಕರ್ ಕೂಡ ಕಳೆದುಹೋಗದಂತೆ ನೋಡಿಕೊಂಡರು ಎಂದರು. ಯಾವುದೂ ಸುಳ್ಳಲ್ಲ. ಆದರೆ ಇಷ್ಟನ್ನೇ ಹೇಳುವುದಾದರೆ ಆಲೂರಿನ ಯಾವ ಮೇಷ್ಟರ ಫೋಟೋಕ್ಕಾದರೂ ಹೇಳಬಹುದು. ಆಮೇಲೆ ನನ್ನನ್ನು ಕರೆದರು. ನಾನು ಕನ್ನಡದ ಮೇಡಂ. ಮಾತು ನನಗೆ ಸಲೀಸು ಎಂದು ಎಲ್ಲರ ನಂಬಿಕೆ. ಮೈಕಿನ ಮುಂದೆ ನಿಂತು ‘ಅವರು ನನ್ನ ಸ್ನೇಹಿತೆ’ ಎಂದೆ. ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ. ಹುಡುಗರು ದುಃಖಕ್ಕೆ ಮಾತು ಕಟ್ಟಿತೆಂದು ತಿಳಿದರು. ದುಃಖ ಇತ್ತು, ನಿಜ. ಆದರೆ ಹೇಳಬೇಕಾದದ್ದನ್ನು ಎಲ್ಲಿಂದ ಶುರುಮಾಡಬೇಕೆಂಬುದೇ ನನಗೆ ತಿಳಿಯಲಿಲ್ಲ. ಈಗಲೂ ಚೆನ್ನಾಗಿ ತಿಳಿದಿದೆ ಎನ್ನಲಾರೆ.

ಅವರು ಕೆಮಿಸ್ಟ್ರಿ ಮೇಡಂ. ಊರು ಮಗ್ಗೆಯ ಹತ್ತಿರ. ಅಪ್ಪ ಬಿಟ್ಟುಹೋದ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ. ಗಂಡ ತೀರಿಹೋದ ಮೇಲೆ ಅಕ್ಕ ತವರಿಗೆ ಬಂದಿದ್ದರು. ಇವರು ಮದುವೆಯಾಗಿರಲಿಲ್ಲ. ಬೆಳಗಿನ ಬಸ್ಸಿಗೆ ಆಲೂರಿಗೆ ಬರುತ್ತಿದ್ದರು. ದಾರಿಯಲ್ಲಿ ಆನೆ ನಿಂತಿದೆಯೆಂದು ಬಸ್ಸು ತಡವಾದ ದಿನ ಮಾತ್ರ ಅವರ ಮೊದಲ ಪಾಠ ತಪ್ಪುತ್ತಿತ್ತು. ಅಂಥ ದಿನ ನನಗೆ ಫೋನ್ ಮಾಡಿ, ಹುಡುಗರನ್ನು ಅವರಷ್ಟಕ್ಕೆ ಲ್ಯಾಬಿಗೆ ಬಿಡಬೇಡಿ, ನೀವೇ ಹೋಗಿ ಏನಾದರೂ ಪದ್ಯ ಹೇಳುತ್ತಿರಿ ಎನ್ನುತ್ತಿದ್ದರು. ಹಾಗೆ ಬಿ.ಎಸ್ಸಿ. ಹುಡುಗರಿಗೆ ಆಸಿಡ್ ವಾಸನೆಯ ನಡುವೆ ನಿಂತು ನಾನು ಎಷ್ಟೋ ಷಟ್ಪದಿ ಓದಿದ್ದೇನೆ.

ಎತ್ತರದ ಹೆಂಗಸು, ನಡೆಯುವಾಗ ಕೊಂಚ ಮುಂದಕ್ಕೆ ಬಾಗುತ್ತಿದ್ದರು. ಗಾಜಿನ ಯಾವ ಸಾಮಾನು ಕೈಗೆ ಬಂದರೂ ಅದನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ಕ್ಯಾಂಟೀನಿನ ಟೀ ಲೋಟವೂ ಅದಕ್ಕೆ ಹೊರತಲ್ಲ. ಕಿಟಕಿಯ ಕಡೆ ಎತ್ತಿ ಹಿಡಿದು, ಒಂದಿಷ್ಟು ತಿರುಗಿಸಿ, ಏನೂ ಹೇಳದೆ ಕುಡಿಯುತ್ತಿದ್ದರು. ಕ್ಯಾಂಟೀನಿನವನು ಮೊದಮೊದಲು ಬೇಜಾರು ಮಾಡಿಕೊಂಡ. ಆಮೇಲೆ ಅವರ ಲೋಟವನ್ನು ಇನ್ನೊಂದು ಸಲ ತೊಳೆದು ಕೊಡತೊಡಗಿದ. ಅವರು ನೋಡುತ್ತಿದ್ದದ್ದು ಕೊಳೆಯನ್ನಲ್ಲ, ಬಣ್ಣವನ್ನು ಎಂದು ನನಗೆ ಗೊತ್ತಾದದ್ದು ತುಂಬ ತಡವಾಗಿ.

ಪಾಠ ಮಾಡುವಾಗ ಅವರಿಗೆ ಒಂದು ಹಟವಿತ್ತು. ನೈಟ್ರೋಜನ್ ಜಡ ಅನಿಲ ಎಂದು ಯಾರಾದರೂ ಬರೆದರೆ ಬಿಡುತ್ತಿರಲಿಲ್ಲ. ‘ಬಹುಮಟ್ಟಿಗೆ ಜಡ’ ಎಂದು ಬರೆಸುತ್ತಿದ್ದರು. ಹುಡುಗರು ಬೆನ್ನ ಹಿಂದೆ ಅವರನ್ನು ‘ಬಹುಮಟ್ಟಿಗೆ ಮೇಡಂ’ ಎನ್ನುತ್ತಿದ್ದರು. ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಒಬ್ಬ ಹುಡುಗನನ್ನು, ಯಾವ ಲೋಹದ ಜೊತೆಗೂ ಸೇರದ ಅನಿಲ ಯಾವುದು ಎಂದು ಕೇಳಿದರಂತೆ. ನೈಟ್ರೋಜನ್ ಎನ್ನಲಿ ಎಂಬುದು ಅವರ ನಿರೀಕ್ಷೆ. ಹುಡುಗ, ಹಾಗೆ ಖಂಡಿತವಾಗಿ ಹೇಳಲು ಬರುವುದಿಲ್ಲ ಸಾರ್, ನೈಟ್ರೋಜನ್ ಕೂಡ ಕೆಲವು ಸಲ ಮೆಲ್ಲಗೆ ಹಿಡಿದುಕೊಳ್ಳುತ್ತದೆ ಎಂದ. ಪರೀಕ್ಷಕರು ನಕ್ಕು ಸೊನ್ನೆ ಹಾಕಿದರು. ನಮ್ಮ ಮೇಡಂ ಅಂಕಪಟ್ಟಿಗೆ ಸಹಿ ಹಾಕಲಿಲ್ಲ. ಊಟದ ಹೊತ್ತು ಮೀರಿತು, ಪ್ರಾಂಶುಪಾಲರು ಬಂದು ಸಮಾಧಾನ ಹೇಳಿದರು, ಪರೀಕ್ಷಕರು ಹಾಸನದ ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿ ಮಾಡಿದರು. ಇವರು ದನಿಯನ್ನೂ ಏರಿಸದೆ, ಹುಡುಗ ಹೇಳಿದ್ದು ಸರಿ, ಅಂಕ ಕೊಡದೆ ನಾನು ಸಹಿ ಹಾಕುವುದಿಲ್ಲ ಎಂದು ಕೂತೇ ಇದ್ದರು. ಕೊನೆಗೆ ಅಂಕ ಬಂತು. ಅಷ್ಟು ಸೌಮ್ಯ ಹೆಂಗಸು ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹೀಗೆ ಪಟ್ಟು ಹಿಡಿದರೆಂದು ಸ್ಟಾಫ್ ರೂಮಿನಲ್ಲಿ ನಾವೆಲ್ಲ ಆಶ್ಚರ್ಯಪಟ್ಟೆವು.

ಕಾಫಿ ಕೊಯ್ಲಿನ ಕಾಲದಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಅಕ್ಕ ಕಣದಲ್ಲಿ ಕಾಫಿ ಹರವಿಸುತ್ತಿದ್ದರು. ತಂಗಿ ಒಳಗೆ ಹೋಗಿದ್ದೇ ತಡ, ನನ್ನ ಪಕ್ಕ ಬಂದು ಕೂತು ಹೇಳಿದರು: “ನಮ್ ಹುಡ್ಗಿ ಅಷ್ಟ್ ದೂರ ಹೋಗಿ ಡಾಕ್ಟ್ರೇಟ್ ಮಾಡ್ಕಂಡ್ ಬಂತಲ್ಲ, ಅದೇನ್ ಮಾಡ್ತಿತ್ತು ಅಂತ ನಿಮ್ಗೇನಾರಾ ಹೇಳೈತಾ? ನಂಗ್ ಕೇಳಿದ್ರೆ, ಕಬ್ಬಿಣದ್ ಕೈಲಿ ಗಾಳಿ ಹಿಡಿಸ್ತಿದ್ದೆ ಅಂತದೆ. ಅದ್ಕೆ ಅಲ್ಲಿಗ್ ಹೋಗ್ಬೇಕಿತ್ತಾ ಮಾರಾಯ್ತಿ, ನಮ್ ಗುಡ್ಡದ್ ಮ್ಯಾಲೆ ಬೇಕಾದಷ್ಟ್ ಐತಲ್ಲ.” ಹೇಳಿ ನಕ್ಕರು. ನಗುವಿನಲ್ಲಿ ಹೆಮ್ಮೆಯೂ ಇತ್ತು. ನಾನೂ ನಕ್ಕೆ. ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ತಂಗಿ ಮಾತ್ರ ನಗಲಿಲ್ಲ.

ಅವರ ಕಥೆಯನ್ನು ನಾನು ಕೇಳಿದ್ದು ಚುನಾವಣೆಯ ಕೆಲಸದಲ್ಲಿ. ಸಕಲೇಶಪುರದ ಮೇಲಿನ ಗುಡ್ಡದ ಎಸ್ಟೇಟ್ ಒಂದರ ಪುಟ್ಟ ಶಾಲೆಯಲ್ಲಿ ನಮ್ಮಿಬ್ಬರಿಗೂ ಒಂದೇ ಮತಗಟ್ಟೆ ಬಿದ್ದಿತ್ತು. ಕೂಲಿಯವರ ಲೈನ್ ಮನೆಗಳ ಜನ ಬೆಳಿಗ್ಗೆಯೇ ಗುಂಪುಗುಂಪಾಗಿ ಬಂದು ಓಟು ಹಾಕಿ ಹೋದರು. ಮಧ್ಯಾಹ್ನದ ಮೇಲೆ ಒಬ್ಬರೂ ಇಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಾಜಿನ ಲೋಟಗಳಲ್ಲಿ ಕಪ್ಪು ಕಾಫಿ ಕಳಿಸಿದರು. ಮೇಡಂ ಎಂದಿನಂತೆ ಲೋಟವನ್ನು ಕಿಟಕಿಗೆ ಹಿಡಿದರು. ಅದರಲ್ಲಿ ಅದೇನು ಹುಡುಕುತ್ತೀರಿ ಎಂದು ಅಂದು ಕೇಳಿಯೇಬಿಟ್ಟೆ. ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಲೋಟ ಕೆಳಗಿಟ್ಟು, ಹೇಳುತ್ತೇನೆ, ಆದರೆ ನಿಮಗೆ ಬೇಸರ ಬಂದರೆ ನನ್ನನ್ನು ತಡೆಯಬೇಕು ಎಂದರು.

ಅವರು ಸಂಶೋಧನೆಗೆಂದು ಹೋದದ್ದು ದೂರದ ಒಂದು ಊರಿಗೆ. ಅಲ್ಲಿ ಅವರಿಗೆ ವಹಿಸಿದ ಕೆಲಸ ಕಬ್ಬಿಣದ ಒಂದು ಸಂಯುಕ್ತವನ್ನು ಮಾಡುವುದು. ಕಬ್ಬಿಣದ ಒಂದು ಪರಮಾಣು. ಅದರ ಸುತ್ತ ದೊಡ್ಡ ದೊಡ್ಡ ಅಣುಗಳನ್ನು ಕೂರಿಸಿ, ಒಂದು ಕಡೆ ಮಾತ್ರ ಜಾಗ ಖಾಲಿ ಬಿಡಬೇಕು. ಆ ಖಾಲಿ ಜಾಗದಲ್ಲಿ ಹೈಡ್ರೋಜನ್ ಬಂದು ಕೂರುತ್ತದೆಯೇ ಎಂದು ನೋಡುವುದು ಅವರ ಗೈಡಿನ ಆಸೆ. ಕಬ್ಬಿಣಕ್ಕೆ ಅನಿಲ ಅಂಟುವುದು ಹೊಸದೇನಲ್ಲವಂತೆ. ನಮ್ಮ ರಕ್ತದಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಹಿಡಿದು ಮೈಯೆಲ್ಲ ಸುತ್ತಿಸುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದವರು ಏಳದೇ ಹೋಗುತ್ತಾರಲ್ಲ, ಅಲ್ಲಿ ಹುಟ್ಟಿದ ವಿಷಾನಿಲವನ್ನು ಅದೇ ಕಬ್ಬಿಣ ಬಲವಾಗಿ ಹಿಡಿದುಬಿಡುತ್ತದೆ. ಇವು ಗಟ್ಟಿ ಹಿಡಿತಗಳು. ಇನ್ನು ಕೆಲವು ಅನಿಲಗಳಿವೆ. ಬಂದು ಕೂತರೂ ಕೂತಂತೆ ಅಲ್ಲ. ಸ್ವಲ್ಪ ಬಿಸಿಯಾದರೆ, ಸ್ವಲ್ಪ ಎಳೆದರೆ ಎದ್ದು ಹೋಗುತ್ತವೆ. ಅವರು ಮತದಾರರ ಪಟ್ಟಿಯ ಪಕ್ಕದಲ್ಲಿದ್ದ ಸೀಮೆಸುಣ್ಣದ ಚೂರೊಂದನ್ನು ತೆಗೆದು ಬಿಚ್ಚಿದ ಅಂಗೈ ಮೇಲಿಟ್ಟುಕೊಂಡು, ಬೆರಳು ಮಡಿಸದೆ ನನಗೆ ತೋರಿಸಿದರು. ಇಷ್ಟೇ ಹಿಡಿತ ಎಂದರು.

ಆ ಸಂಯುಕ್ತಕ್ಕೆ ಆಮ್ಲಜನಕ ತಾಗಿದರೆ ತುಕ್ಕಾಗಿ ಹಾಳಾಗುತ್ತದೆ. ಅದಕ್ಕೆ ಎಲ್ಲ ಕೆಲಸವನ್ನೂ ನೈಟ್ರೋಜನ್ ತುಂಬಿದ ಗಾಜಿನ ಕೊಳವೆಗಳ ಒಳಗೇ ಮಾಡಬೇಕು. ನೈಟ್ರೋಜನ್ ಯಾವುದರ ತಂಟೆಗೂ ಹೋಗದ ಅನಿಲ ಎಂಬ ಧೈರ್ಯ. ಫ್ಲಾಸ್ಕಿನಲ್ಲಿ ದ್ರಾವಣವಾಗಿರುವಾಗ ಅವರ ಸಂಯುಕ್ತ ಕಿತ್ತಳೆ ಬಣ್ಣಕ್ಕಿರುತ್ತಿತ್ತು. ಪಂಪ್ ಹಾಕಿ ಗಾಳಿಯನ್ನೆಲ್ಲ ಎಳೆದು ಒಣಗಿಸಿದರೆ ನೀಲಿ ಪುಡಿ ಸಿಗುತ್ತಿತ್ತು. ನೀಲಿಯೇ ಶುದ್ಧ, ಕಿತ್ತಳೆ ಎಲ್ಲೋ ಸೇರಿಕೊಂಡ ಕೊಳೆ ಎಂದು ಗೈಡ್ ತೀರ್ಮಾನಿಸಿದ್ದರು. ಇನ್ನೂ ಚೆನ್ನಾಗಿ ಒಣಗಿಸು ಎನ್ನುತ್ತಿದ್ದರು. ಇವರು ಒಣಗಿಸುತ್ತಿದ್ದರು.

ಒಂದು ದಿನ ಒಣಗಿದ ನೀಲಿ ಪುಡಿಯಿದ್ದ ಫ್ಲಾಸ್ಕಿಗೆ ನೈಟ್ರೋಜನ್ ಬಿಟ್ಟು ಪಕ್ಕಕ್ಕಿಟ್ಟು ಕೈ ತೊಳೆದು ಬಂದರೆ ಪುಡಿ ಕಿತ್ತಳೆಯಾಗಿತ್ತು. ಪಂಪ್ ಹಾಕಿದರು, ನೀಲಿಯಾಯಿತು. ನೈಟ್ರೋಜನ್ ಬಿಟ್ಟರು, ಕಿತ್ತಳೆ. ಕಿಟಕಿಯ ಬಳಿ ನಿಂತು ಆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಹೈಡ್ರೋಜನ್ ಬರಲೆಂದು ಬಿಟ್ಟ ಜಾಗದಲ್ಲಿ ಕಾವಲಿಗಿಟ್ಟ ನೈಟ್ರೋಜನ್ನೇ ಬಂದು ಕೂರುತ್ತಿತ್ತು.

ಗೈಡಿನ ಹತ್ತಿರ ಓಡಿದರು. ಗೈಡ್ ಕೆಟ್ಟವರೇನಲ್ಲ, ಅದನ್ನು ಇವರು ನನಗೆ ಎರಡೆರಡು ಸಲ ಹೇಳಿದರು. ಆದರೆ ಗೈಡಿಗೆ ಅವಸರ. ನಿನ್ನ ಕೊಳವೆಯಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ನೋಡು ಎಂದರು. ಇವರು ಪ್ರತಿ ಜೋಡಣೆಯನ್ನೂ ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಕೂಡಿಸಿ ನೋಡಿದರು. ಸೋರಿಕೆ ಇರಲಿಲ್ಲ. ನೈಟ್ರೋಜನ್ ಬದಲು ಆರ್ಗಾನ್ ಎಂಬ ಇನ್ನೊಂದು ಅನಿಲ ಬಿಟ್ಟು ನೋಡಿದರೆ ಸಾಕಿತ್ತು. ಆರ್ಗಾನ್ ಕಬ್ಬಿಣವನ್ನು ಹಿಡಿಯುವುದಿಲ್ಲ. ಆಗಲೂ ಪುಡಿ ನೀಲಿಯಾಗಿಯೇ ಉಳಿದರೆ ಕಿತ್ತಳೆಗೆ ಕಾರಣ ನೈಟ್ರೋಜನ್ನೇ ಎಂದು ತೋರಿಸಬಹುದಿತ್ತು. ಕೇಳಿದರು. ಅದಕ್ಕೆಲ್ಲ ಈಗ ಹೊತ್ತಿಲ್ಲ, ಹೈಡ್ರೋಜನ್ ಕೆಲಸ ಮುಗಿಸು, ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತಿದೆ ಎಂದರು ಗೈಡ್. ಪಕ್ಕದ ಲ್ಯಾಬಿನಲ್ಲಿ ಆರ್ಗಾನ್ ಸಿಲಿಂಡರ್ ಇತ್ತು. ಗೈಡಿನ ಮಾತು ಮೀರಿ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಪ್ರಬಂಧದಲ್ಲಿ ನೀಲಿ ಪುಡಿಯ ಬಗ್ಗೆ ಮಾತ್ರ ಬರೆದರು. ಪದವಿ ಬಂತು, ಊರಿಗೆ ಬಂದರು, ಆಲೂರಿನಲ್ಲಿ ಕೆಲಸವೂ ಆಯಿತು.

“ಅವ್ರು ಒಣಗಿಸು ಅಂದ್ರು, ನಾನು ಒಣಗಿಸ್ದೆ,” ಎಂದರು. “ಅದೆಷ್ಟು ಶ್ರದ್ಧೆಯಿಂದ ಅಂತೀರಿ. ಅದು ಹಿಡ್ಕೊಂಡಿದ್ದನ್ನ ಅಷ್ಟೂ ಸಲ ನಾನೇ ಪಂಪ್ ಹಾಕಿ ಹೊರಗೆ ಕಳಿಸಿದೀನಿ.”

ಆಮೇಲೆ ಏನಾಯಿತು ಎಂದು ಕೇಳಿದೆ. ಕೆಲವು ವರ್ಷಗಳ ನಂತರ ಹೊರದೇಶದ ಲ್ಯಾಬೊಂದರವರು ಅಂಥದೇ ಕಬ್ಬಿಣದ ಸಂಯುಕ್ತ ನೈಟ್ರೋಜನ್ನನ್ನು ಸಡಿಲವಾಗಿ ಹಿಡಿಯುತ್ತದೆ, ಹಿಡಿದಾಗ ಕಿತ್ತಳೆ, ಬಿಟ್ಟಾಗ ನೀಲಿ ಎಂದು ಬರೆದರಂತೆ. ಇವರು ಅದನ್ನು ಓದಿದ್ದು ಒಂದು ತರಬೇತಿಗೆ ಹೋದಾಗ, ಯಾವುದೋ ಲೈಬ್ರರಿಯಲ್ಲಿ. ಮೊದಲು ಸಂತೋಷವಾಯಿತು, ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲವಲ್ಲ ಎಂದು. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಅಷ್ಟು ಹೇಳುವ ಹೊತ್ತಿಗೆ ಕೆಲಸ ಮುಗಿಸಿ ಬಂದ ಹೆಂಗಸರ ಒಂದು ಗುಂಪು ಬಾಗಿಲಲ್ಲಿ ನಿಂತಿತು. ಮೇಡಂ ಶಾಯಿಯ ಬಾಟಲಿ ತೆಗೆದುಕೊಂಡು ಒಬ್ಬೊಬ್ಬರ ಬೆರಳಿಗೂ ಗುರುತು ಹಾಕತೊಡಗಿದರು.

ಅಂದಿನಿಂದ ನಾನು ಅವರನ್ನು ಬೇರೆ ರೀತಿ ನೋಡತೊಡಗಿದೆ. ಅವರೇನೂ ಬದಲಾಗಲಿಲ್ಲ. ಆ ವಿಷಯವನ್ನು ಮತ್ತೆ ಎತ್ತಲೂ ಇಲ್ಲ. ಆದರೆ ಒಂದು ವಿಷಯ ನನಗೆ ತಿಳಿಯಿತು. ಅದು ಅವರಿಗೆ ಮುಗಿದುಹೋದ ಕಥೆಯಾಗಿರಲಿಲ್ಲ. ಅಕ್ಕ ಶುಂಠಿ ಹಾಕಿದ್ದ ಗದ್ದೆಯ ಬದುವಿನ ಮೇಲೆ ನಿಂತು ಮೇಡಂ ಒಮ್ಮೆ ಹೇಳಿದ್ದರು: ನಾವು ಸುರಿಯುವ ಯೂರಿಯಾದಲ್ಲಿ ಒಂದಷ್ಟು ಭಾಗ ಗಿಡಕ್ಕೆ ಸೇರದೆ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಹಾರಿಹೋಗುತ್ತದೆ. ಹಲ್ಲಿನ ಡಾಕ್ಟರರು ಮಂಪರಿಗೆ ಕೊಡುತ್ತಾರಲ್ಲ, ಅದೇ. ಅದು ಮೇಲಕ್ಕೆ ಹೋಗಿ ಭೂಮಿಯನ್ನು ಕಾಯಿಸುತ್ತದೆ. ಅದನ್ನು ಹಿಡಿಯಬಲ್ಲ ಲೋಹಗಳು ಬಹಳ ಕಡಿಮೆ. ನೈಟ್ರೋಜನ್ನಿಗಿಂತಲೂ ಸಡಿಲ ಅದರ ಹಿಡಿತ. ಹಿಡಿದರೂ ಹೆಚ್ಚಿನ ಸಲ ತನ್ನ ಆಮ್ಲಜನಕವನ್ನು ಲೋಹಕ್ಕೆ ಕೊಟ್ಟು ಒಡೆದುಹೋಗುತ್ತದೆ. ನನ್ನ ನೀಲಿ ಪುಡಿ ಅದನ್ನು ಒಡೆಯದೆ ಹಿಡಿಯಬಹುದು ಎಂದು ನನಗೆ ಅನ್ನಿಸುತ್ತದೆ ಎಂದರು. ಅನ್ನಿಸುವುದಕ್ಕೆ ಏನು, ಆಲೂರಿನಲ್ಲಿ ಪಂಪ್ ಎಲ್ಲಿದೆ, ಸಿಲಿಂಡರ್ ಎಲ್ಲಿದೆ ಎಂದು ತಾವೇ ಮಾತು ಮುಗಿಸಿದರು.

ಪಂಪು ಮತ್ತು ಸಿಲಿಂಡರು ಇದ್ದದ್ದು ಅವರ ಶಿಷ್ಯೆಯೊಬ್ಬಳ ಹತ್ತಿರ. ಆ ಹುಡುಗಿಯ ಅಪ್ಪ ಎಡಕುಮೇರಿ ಸ್ಟೇಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಸುತ್ತ ಕಾಡು ಬಿಟ್ಟರೆ ಬೇರೇನೂ ಇಲ್ಲದ ಜಾಗದಿಂದ ಬಂದು ಆಲೂರಿನ ಹಾಸ್ಟೆಲಿನಲ್ಲಿದ್ದುಕೊಂಡು ನಮ್ಮ ಕಾಲೇಜಿನಲ್ಲಿ ಓದಿದವಳು. ಓದು ಮುಂದುವರಿಸಿ, ಈಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ತನ್ನದೇ ಪುಟ್ಟ ಲ್ಯಾಬು ಕಟ್ಟಿಕೊಂಡಿದ್ದಾಳೆ. ಊರಿಗೆ ಬಂದಾಗ ಮೇಡಂ ಅವರನ್ನು ನೋಡಲು ಬಂದವಳು ಗದ್ದೆಯ ಬದುವಿನ ಅದೇ ಮಾತನ್ನು ಕೇಳಿಸಿಕೊಂಡು, ಬೇಸಿಗೆ ರಜೆಯಲ್ಲಿ ಬನ್ನಿ ಮೇಡಂ, ನೀವೇ ಮಾಡಿ ನೋಡಿ ಎಂದಳು. ಇವರು ಒಂದೇ ಮಾತಿಗೆ ಒಪ್ಪಿದರು. ಒಪ್ಪಿದ್ದು ಹೌದೋ ಅಲ್ಲವೋ ಎಂದು ಗಟ್ಟಿಮಾಡಿಕೊಳ್ಳಲು ಅವಳು ಮತ್ತೊಮ್ಮೆ ಕೇಳಿದಳಂತೆ.

ಆ ಬೇಸಿಗೆಯಲ್ಲಿ ನೆಂಟರ ಮನೆಯ ಮದುವೆಗೆಂದು ಬೆಂಗಳೂರಿಗೆ ಹೋದ ನಾನು ಲ್ಯಾಬಿಗೂ ಹೋದೆ. ಬಿಳಿ ಕೋಟು ಹಾಕಿಕೊಂಡ ಅವರನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಬಾಗಿದ ಬೆನ್ನು ನೇರವಾದಂತಿತ್ತು. ನೀಲಿ ಪುಡಿಯನ್ನು ಯಾವ ಪುಸ್ತಕವನ್ನೂ ನೋಡದೆ ಮಾಡಿದರೆಂದು ಶಿಷ್ಯೆ ಹೇಳಿದಳು. ಪುಡಿಯನ್ನು ಕರಗಿಸಿ ಎರಡು ಫ್ಲಾಸ್ಕುಗಳಲ್ಲಿ ತುಂಬಿ, ಹೊಗೆಯಾಡುವ ತಣ್ಣನೆಯ ತೊಟ್ಟಿಯೊಂದರಲ್ಲಿ ಅಕ್ಕಪಕ್ಕ ಇಳಿಬಿಟ್ಟಿದ್ದರು. ಒಂದಕ್ಕೆ ಆರ್ಗಾನ್. ಇನ್ನೊಂದಕ್ಕೆ ನೈಟ್ರಸ್ ಆಕ್ಸೈಡ್. ನಾನು ನೋಡುತ್ತಿದ್ದಂತೆ ಆರ್ಗಾನ್ ಇದ್ದದ್ದು ನೀಲಿಯಾಗಿಯೇ ಉಳಿಯಿತು. ಪಕ್ಕದ್ದು ಅಂಚಿನಿಂದ ಶುರುವಾಗಿ ಮೆಲ್ಲನೆ ಹಸಿರಾಯಿತು, ಎಳೆಯ ಬಾಳೆ ಎಲೆಯ ಹಸಿರು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

ಬಣ್ಣ ಬದಲಾದರೆ ಸಾಲದು. ಹರಳು ಕಟ್ಟಿಸಿ, ಅದನ್ನು ಎಕ್ಸ್‌ರೇ ಯಂತ್ರದಲ್ಲಿಟ್ಟು ಯಾವ ಪರಮಾಣು ಎಲ್ಲಿ ಕೂತಿದೆ ಎಂದು ನೋಡಬೇಕು. ಆಗಲೇ ಜಗತ್ತು ನಂಬುವುದು. ಹರಳಿಗೆ ಇಡುವ ಮೊದಲು ಶಿಷ್ಯೆಗೆ ಅನುಮಾನ ಬಂತು. ಬಣ್ಣ ಬದಲಾಗಲು ನೂರು ಕಾರಣ ಇರಬಹುದು, ಒಂದಿಷ್ಟು ಕಬ್ಬಿಣ ಆಗಲೇ ತುಕ್ಕು ಹಿಡಿದು ಹಸಿರು ಕಾಣುತ್ತಿರಬಹುದು ಎಂದಳು.

“ಮೇಡಂ, ಒಂದ್ಸಲ ಪಂಪ್ ಹಾಕಿ ಒಣಗಿಸಿ, ಮತ್ತೆ ಕರಗಿಸಿ ಸೋಸಿ ಶುದ್ಧ ಮಾಡಿಬಿಡೋಣ. ಹೀಗೇ ಇಟ್ರೆ ಕೊಳೆನೂ ಜೊತೇಲೇ ಹರಳಾಗುತ್ತೆ.”

“ಪಂಪ್ ಹಾಕ್ಬೇಡ ಕಣಮ್ಮ.”

“ಆದ್ರೂ ಮೇಡಂ…”

“ಲ್ಯಾಬ್ ನಿಂದು. ನಾನು ಇಲ್ಲಿ ನಾಲ್ಕು ದಿನ ಇದ್ದು ಹೋಗೋಳು. ಹಾಕ್ಲೇಬೇಕು ಅಂದ್ರೆ ನನ್ನ ಬಸ್ ಹತ್ತಿಸಿ ಆಮೇಲೆ ಹಾಕು. ನಾನಿರೋವಾಗ ಬೇಡ.”

ದನಿ ಏರಿಸಲಿಲ್ಲ. ಆದರೆ ಆ ಫ್ಲಾಸ್ಕಿನ ಮತ್ತು ಪಂಪಿನ ನಡುವೆ ನಿಂತೇ ಇದ್ದರು. ಶಿಷ್ಯೆ ನನ್ನ ಮುಖ ನೋಡಿದಳು. ಕೊನೆಗೆ ಅವಳು ಆಯ್ತು ಮೇಡಂ ಎಂದು ಫ್ಲಾಸ್ಕನ್ನು ಹಾಗೆಯೇ ಡೀಪ್ ಫ್ರೀಜರಿನಲ್ಲಿ ಇಟ್ಟಳು.

ಹರಳು ಕಟ್ಟಿತು. ಹಸಿರು ಹರಳು. ಅಷ್ಟರಲ್ಲಿ ರಜೆ ಮುಗಿಯಿತು. ಯಂತ್ರದ ಸರದಿ ಸಿಗಲು ಇನ್ನೂ ಕೆಲವು ದಿನ ಕಾಯಬೇಕಿತ್ತು. ಹೆಚ್ಚಿನ ರಜೆಗೆ ಅರ್ಜಿ ಕೊಟ್ಟರು; ಪರೀಕ್ಷೆಯ ಕೆಲಸವಿದೆ, ಸಾಧ್ಯವಿಲ್ಲ ಎಂಬ ಉತ್ತರ ಬಂತು. ಆಲೂರಿಗೆ ಬಂದು ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತರು. ಅವರು ಹಾಗೆ ನಿಂತಿದ್ದ ಒಂದು ಬೆಳಿಗ್ಗೆ ಬೆಂಗಳೂರಿನಲ್ಲಿ ಹರಳನ್ನು ಫ್ರೀಜರಿನಿಂದ ತೆಗೆದು ಯಂತ್ರಕ್ಕೆ ಸಾಗಿಸುವಾಗ ಸೆಖೆ ತಾಗಿ ಸೀಳಿ, ನೀಲಿಗೆ ತಿರುಗಿ, ಪುಡಿಯಾಯಿತು. ಊಟದ ಹೊತ್ತಿನಲ್ಲಿ ಶಿಷ್ಯೆಯ ಫೋನ್ ಬಂತು. ಕೇಳಿಸಿಕೊಂಡು ಫೋನ್ ಇಟ್ಟು, “ಒಡೀತಂತೆ” ಎಂದರು. ಬುತ್ತಿ ಮುಚ್ಚಿಟ್ಟು ಮತ್ತೆ ಪರೀಕ್ಷೆಯ ಕೋಣೆಗೆ ಹೋದರು.

ಆ ಮಳೆಗಾಲವೆಲ್ಲ ಅವರು ಫೋನಿನಲ್ಲೇ ಕೆಲಸ ಮಾಡಿದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಒಂದು ಕಿವಿ ಮುಚ್ಚಿಕೊಂಡು, ಇನ್ನೂ ನಿಧಾನವಾಗಿ ತಣಿಸು, ಹರಳು ಚಿಕ್ಕದಾದರೂ ಪರವಾಗಿಲ್ಲ, ತಣ್ಣನೆಯ ಎಣ್ಣೆಯೊಳಗೇ ಎತ್ತಿಕೋ ಎಂದೆಲ್ಲ ಹೇಳುತ್ತಿದ್ದರು. ಮಗ್ಗೆಯ ಬಸ್ಸಿಗೆ ಕಾಯುವವರು ಅಡುಗೆಯ ವಿಷಯವೆಂದು ತಿಳಿದಿರಬೇಕು. ಶಿಷ್ಯೆಗೆ ಬೇರೆ ಕೆಲಸಗಳಿದ್ದವು, ಅವಳ ಲ್ಯಾಬಿನ ಹುಡುಗರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಅವಳು ಬಿಡಲಿಲ್ಲ. ದಸರಾ ರಜೆಗೆ ತಾವೇ ಹೋಗುವುದೆಂದು ಇವರು ನಿಶ್ಚಯಿಸಿದ್ದರು.

ದಸರಾಕ್ಕೆ ಮುಂಚೆ ಜ್ವರ ಬಂತು. ಮೊದಲ ದಿನಗಳಲ್ಲಿ ಮಳೆಗಾಲದ ಜ್ವರವೆಂದು ಕಷಾಯ ಕುಡಿದು ಕಾಲೇಜಿಗೆ ಬಂದರು. ಡೆಂಗಿ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಕೆಲವೇ ದಿನ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು.

ಅವರ ವೈಕುಂಠ ಸಮಾರಾಧನೆ ಮುಗಿದ ಮೇಲಿನ ವಾರ ಶಿಷ್ಯೆಯ ಫೋನ್ ನನಗೆ ಬಂತು. ಹೊಸ ಹರಳು ಸೀಳದೆ ಉಳಿದಿತ್ತು. ಯಂತ್ರ ತೋರಿಸಿದ ಚಿತ್ರದಲ್ಲಿ ಕಬ್ಬಿಣದ ಪಕ್ಕದ ಆ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಒಡೆಯದೆ, ಇಡಿಯಾಗಿ ಕೂತಿತ್ತು. ಅಂದು ನನ್ನ ಮಾತು ನಡೆದು ಪಂಪ್ ಹಾಕಿದ್ದರೆ ಹಿಡಿದದ್ದೆಲ್ಲ ಹಾರಿಹೋಗಿ, ನಾನು ಅಲ್ಲಿಗೇ ಕೈಬಿಡುತ್ತಿದ್ದೆ, ಇದನ್ನು ಅವರಿಗೆ ಒಂದು ಸಲ ಹೇಳಬೇಕಿತ್ತು ಎಂದಳು. ನಾನು ಫೋನ್ ಹಿಡಿದು ಕಾಲೇಜಿನ ಮೆಟ್ಟಿಲ ಮೇಲೆ ಕೂತೆ.

ಅದು ಲೇಖನವಾಗಿ ಬರಲು ಮತ್ತಷ್ಟು ತಿಂಗಳು ಹಿಡಿಯಿತು. ಬಂದ ಮೇಲೆ ಶಿಷ್ಯೆ ಅದರ ಪ್ರತಿ ತೆಗೆದುಕೊಂಡು ತಾನೇ ಬಂದಳು. ನಾವಿಬ್ಬರೂ ಮಗ್ಗೆಯ ಬಸ್ಸು ಹತ್ತಿದೆವು. ಅಕ್ಕ ಸೊರಗಿಹೋಗಿದ್ದರು, ಮಾತು ಮಾತ್ರ ಹಾಗೆಯೇ ಇತ್ತು. ಕೈ ಒರೆಸಿಕೊಂಡು ಬಂದು ಜಗಲಿಯ ಮೇಲೆ ಕೂತು, ಎಲ್ಲಿ ತೋರ್ಸಿ ಎಂದರು. ತಂಗಿಯ ಹೆಸರು ಮೊದಲಲ್ಲೇ ಇತ್ತು, ಕೆಳಗೆ ನಮ್ಮ ಕಾಲೇಜು, ಆಲೂರು, ಹಾಸನ ಜಿಲ್ಲೆ ಎಂಬ ವಿಳಾಸ. ಹಾಗೆ ಹಾಕಬೇಕೆಂದು ಶಿಷ್ಯೆ ಹಟ ಮಾಡಿದ್ದಳು. ಅಕ್ಕನಿಗೆ ಇಂಗ್ಲಿಷ್ ಓದಲು ಬಾರದಿದ್ದರೂ ತಂಗಿಯ ಹೆಸರಿನ ಅಕ್ಷರಗಳ ಗುರುತಿತ್ತು. ಅದರ ಮೇಲೆ ಬೆರಳಾಡಿಸಿ, ಹೆಸರಿನ ಪಕ್ಕದಲ್ಲಿದ್ದ ಸಣ್ಣ ಕಠಾರಿಯಂಥ ಚಿಹ್ನೆಯ ಮೇಲೆ ನಿಲ್ಲಿಸಿ, ಇದೇನು ಎಂದು ಕೇಳಿದರು. ಶಿಷ್ಯೆ ನೆಲ ನೋಡಿದಳು. ಬರೆದವರು ಈಗ ಇಲ್ಲ ಎಂಬುದಕ್ಕೆ ಆ ಗುರುತು ಎಂದು ನಾನೇ ಹೇಳಿದೆ.

ಅಕ್ಕ ಬಹಳ ಹೊತ್ತು ಆ ಚಿಹ್ನೆಯನ್ನೇ ನೋಡಿದರು. ಆಮೇಲೆ ಕೇಳಿದರು, ಇದು ಸರಿ ಅಂತ ಯಾವಾಗ ಗೊತ್ತಾಯಿತು ಎಂದು. ಕಾರ್ಯ ಮುಗಿದ ಮೇಲಿನ ವಾರ ಎಂದೆ.

“ಅದ್ಕೆ ಮೊದ್ಲೇ ಗೊತ್ತಿತ್ತು ಬುಡಿ,” ಎಂದರು ಅಕ್ಕ. “ನಿಮ್ ಮಿಷಿನ್ನು ಹೇಳ್ಬೇಕಿತ್ತಾ? ಗೊತ್ತಿದ್ದೇ ಹೋಗೈತೆ ನಮ್ ಹುಡ್ಗಿ. ನೆಮ್ದೀಲಿ ಹೋಗೈತೆ.”

ಶಿಷ್ಯೆ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ.

ಆಸ್ಪತ್ರೆಗೆ ನಾನು ಕೊನೆಯ ಸಲ ಹೋದಾಗ ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದರು. ಮೇಡಂ ಕಣ್ಣು ತೆರೆದು ನನ್ನನ್ನು ಗುರುತಿಸಿ, ಬೆಂಗಳೂರಿಂದ ಫೋನ್ ಬಂತಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

“ಬರದೇನೂ ಇರಬಹುದು ರೀ,” ಎಂದರು. “ನಾನೇ ತಪ್ಪು ತಿಳ್ಕೊಂಡಿರಬಹುದು. ನಾನು ನೋಡಿದ್ದು ಬಣ್ಣ ತಾನೆ. ಪಾಪ, ಆ ಹುಡುಗಿನ ಸುಮ್ನೆ ತಡೆದುಬಿಟ್ಟೆ.”

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ಅಕ್ಕನ ಮುಂದೆ ಕೂತು ತಲೆಯಾಡಿಸುವಾಗ ನನಗೆ ಈ ಮಾತು ನೆನಪಿತ್ತು. ನಾನು ಹೇಳಲಿಲ್ಲ.